ಕಂಕುಳಿನ ನೀರು

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಮುಲುಂಡಿನ ಮನೆಗೆ ಮರಳಿದ ನಮ್ಮ ಅತ್ತಿಗೆಯ ಸೊಂಟದ ಬಳಿ, ಹಾರ್ಮೋನಿಯಂ ತಿದಿಯಂತೆ ಮಡಿಕೆಗಳುಳ್ಳ ಪ್ಲಾಸ್ಟಿಕ್ ಡಬ್ಬಿಯೊಂದು ತೂಗುತ್ತಿತ್ತು. ಕಂಕುಳಿನಿಂದ ಕೊಳವೆಯ ಮೂಲಕ ಅದಕ್ಕಿಳಿಯುತ್ತಿದ್ದ ತಿಳಿಹಳದಿ ನೀರನ್ನು ಅಣ್ಣ ಪ್ರತಿದಿನ ಬೆಳಿಗ್ಗೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದ. ‘ಹೊಲಿಗೆ ಒಣಗಿದರೂ ಇದೇಕೆ ನಿಲ್ಲುವುದಿಲ್ಲ?’ ಎಂದು ಅತ್ತಿಗೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅದಕ್ಕಾಗಿ ನಾನು ನಾಲ್ಕು ಶತಮಾನ ಹಿಂದಕ್ಕೆ ಹೋಗಬೇಕಾಯಿತು.

1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಆಗಷ್ಟೇ ಉಂಡಿದ್ದ ನಾಯಿಯೊಂದರ ಹೊಟ್ಟೆ ಸೀಳಿದಾಗ ಕರುಳ ಪೊರೆಯಲ್ಲಿ ಬಿಳಿಯ ಎಳೆಗಳನ್ನು ಕಂಡರು. ನರಗಳೆಂದು ಬಗೆದು ಕೊಯ್ದರೆ ಹಾಲಿನಂಥ ದ್ರವ ಹೊರಬಂತು. ನಮ್ಮ ‘ದುಗ್ಧರಸ’ದಲ್ಲಿಯೂ ಹಾಲೇ ಇದೆ, ಆದರೆ ಆ ಬಿಳುಪು ಊಟದ ಕೊಬ್ಬಿನದು. ಕಂಕುಳಿನಲ್ಲಿ ಹರಿಯುವುದು ಹಾಲಲ್ಲ, ತೋಳು-ಎದೆಗಳ ಅಂಗಾಂಶಗಳಿಂದ ರಕ್ತಕ್ಕೆ ಮರಳುತ್ತಿರುವ ದ್ರವ. ಗ್ರಂಥಿಗಳನ್ನು ತೆಗೆದಾಗ ಅದರ ಕಾಲುವೆಗಳೂ ಕಡಿಯುತ್ತವೆ. ರಕ್ತದಷ್ಟು ಬೇಗ ಹೆಪ್ಪುಗಟ್ಟದ ಆ ದ್ರವ ಚರ್ಮದಡಿಯ ಪೊಳ್ಳಿನಲ್ಲಿ ನಿಲ್ಲುತ್ತದೆ. ವೈದ್ಯರು ಅದನ್ನು ಸೆರೋಮಾ ಎನ್ನುತ್ತಾರೆ.

ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವೂ ಒಟ್ಟಿಗೇ ಹೋಗುತ್ತಿದ್ದವು. ಗಾಯದ ಜಾಗದಲ್ಲಿ ರೋಗ ಮರಳುವುದು ಕಡಿಮೆಯಾಯಿತು, ನಿಜ. ಬದಲಿಗೆ ಅನೇಕ ಹೆಂಗಸರು ಊದಿದ ತೋಳನ್ನು ಹೊತ್ತು ಬದುಕಿದರು. 1921ರಲ್ಲಿ ಹಾಲ್‌ಸ್ಟೆಡ್ಡರೇ ಆ ಊತದ ಕುರಿತು ಬರೆದರು. ಒಳಗಿನ ನೀರನ್ನು ಎಳೆದು ತೆಗೆಯುವ, ಗಾಳಿ ಸೇರದ ನಿರ್ವಾತ ಬಾಟಲಿಯನ್ನು ಫ್ರಾನ್ಸಿನ ಆನ್ರಿ ರೆದೋನ್ 1954ರಲ್ಲಿ ಬಳಕೆಗೆ ತಂದರು. ಅತ್ತಿಗೆಯ ಡಬ್ಬಿ ಅದರದೇ ವಂಶದ್ದು.

ಆದರೆ ಹರಿದುದನ್ನು ಹಿಡಿದಿಡುವುದಕ್ಕಿಂತ, ಕಾಲುವೆಯನ್ನೇ ಕಡಿಯದಿರುವ ಯೋಚನೆ ನನಗೆ ದೊಡ್ಡದೆನಿಸುತ್ತದೆ. ಕೈಗೆ ಸಿಗುವಂಥ ಗಡ್ಡೆ ಕಂಕುಳಿನಲ್ಲಿಲ್ಲದವರಿಗೆ ಗ್ರಂಥಿಗಳನ್ನು ಉಳಿಸಿದರೂ ಆಯುಷ್ಯ ಕುಗ್ಗುವುದಿಲ್ಲವೆಂದು, 1971ರಲ್ಲಿ ಬರ್ನಾರ್ಡ್ ಫಿಶರರು ಅಮೆರಿಕದಲ್ಲಿ ಆರಂಭಿಸಿದ ಪ್ರಯೋಗ ತೋರಿಸಿತು. ನೀಲಿ ಬಣ್ಣ ಚುಚ್ಚಿ, ಅದು ಮೊದಲು ತಲಪುವ ಕಾವಲು ಗ್ರಂಥಿಯನ್ನಷ್ಟೇ ಪರೀಕ್ಷಿಸುವ ವಿಧಾನವನ್ನು ಅರ್ಮಾಂಡೊ ಜೂಲಿಯಾನೊ ಸ್ತನದ ಕ್ಯಾನ್ಸರಿಗೆ 1994ರಲ್ಲಿ ವಿವರಿಸಿದರು. ಅಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಿಲ್ಲ.

ಅತ್ತಿಗೆಗೆ ಆ ಭಾಗ್ಯವಿರಲಿಲ್ಲ. ರೋಗ ಹಲವು ಗ್ರಂಥಿಗಳಿಗೆ ಇಳಿದಿತ್ತು. ದಿನದ ಮೊತ್ತ ಸುಮಾರು 30 ಮಿ.ಲೀ.ಗಿಂತ ಕೆಳಗಿಳಿದರೆ ಕೊಳವೆ ತೆಗೆಯುವುದು ರೂಢಿ. ಅವರಿಗೆ ಅದು ಹದಿನಾರನೆಯ ದಿನ ಒದಗಿತು. ಆಮೇಲೂ ಎರಡು ಬಾರಿ ಸೂಜಿಯಿಂದ ನೀರು ತೆಗೆಸಬೇಕಾಯಿತು. ಆರನೆಯ ವಾರದ ಬಳಿಕ ಅಣ್ಣನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವಷ್ಟೇ ಉಳಿಯಿತು.