ಉಡುಪವೂ ಹರಿಗೋಲೂ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯು ಸುಮಾರು 4,500 ಅಡಿಗಳೆತ್ತರದ ಬಂಡೆಯ ಬೆಟ್ಟ. ಅಲ್ಲಿಯ ಒಳಕಲ್ಲುತೀರ್ಥದಲ್ಲಿ ಯಾತ್ರಿಕರು ಕಲ್ಲಿನ ಕುಳಿಯೊಳಕ್ಕೆ ತೋಳನ್ನಿಳಿಸಿ ನೀರನ್ನು ತಡವುವರು. ನೀರನ್ನು ಹೀಗೆ ಕೈಯಿಂದ ಅರಸಬೇಕಾದ ಸ್ಥಳವನ್ನು ಮುಂದಿಟ್ಟುಕೊಂಡು ನಾವೆಯ ವಿಚಾರವನ್ನೆತ್ತುವುದು ಕೆಲವರಿಗೆ ವಿಪರೀತವಾಗಿ ತೋರಬಹುದು. ಆದರೆ ಈ ಬೆಟ್ಟದ ಪ್ರಾಂತದಲ್ಲಿ ಹುಟ್ಟುವ ಕುಮುದ್ವತಿಯು ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯೊಡನೆ ಕೂಡುತ್ತದೆ. ಅರ್ಕಾವತಿಯು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ಹೊಳೆಯು ತುಂಬಿರುವಾಗ ಮೇಕೆದಾಟಿಗೆ ಹೋಗತಕ್ಕವರನ್ನು ದಾಟಿಸುವುದು ಹರಿಗೋಲು. ಶಿವಗಂಗೆಯ ನೀರಿನ ಜಾಡನ್ನು ಹಿಡಿದು ನಡೆದವನಿಗೆ ಕೊನೆಯಲ್ಲಿ ದೊರೆಯುವ ನಾವೆಯು ಇದೇ.

ನಮ್ಮವರ ನೌಕಾವಿದ್ಯೆಯನ್ನು ಕುರಿತು ಬರೆಯುವ ವಿದ್ವಾಂಸರು ಸಾಮಾನ್ಯವಾಗಿ ಸಮುದ್ರಯಾನವನ್ನೂ, ಯುಕ್ತಿಕಲ್ಪತರುವಿನಲ್ಲಿ ಹೇಳಿರುವ ನೌಕಾಭೇದಗಳನ್ನೂ ವರ್ಣಿಸಿ ತೃಪ್ತರಾಗುತ್ತಾರೆ. ಬಿದಿರಿನ ಬುಟ್ಟಿಗೆ ತೊಗಲನ್ನು ಹೊದಿಸಿದ ಹರಿಗೋಲು ಅವರ ಗಮನಕ್ಕೆ ಬರುವುದು ವಿರಳ. ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಸ್ಥಾನವಿಲ್ಲವೆಂಬ ಭಾವನೆಯು ಇದಕ್ಕೆ ಕಾರಣವಾಗಿರಬಹುದು. ಆ ಭಾವನೆಯು ಸರಿಯಲ್ಲ.

ಅಮರಕೋಶದಲ್ಲಿ ಉಡುಪ, ಪ್ಲವ, ಕೋಲ ಎಂಬಿವು ಪರ್ಯಾಯಪದಗಳು. ಕಾಳಿದಾಸನು ರಘುವಂಶದ ಪ್ರಾರಂಭದಲ್ಲಿ ತನ್ನ ಸಾಹಸವನ್ನು ಉಡುಪದಿಂದ ಕಡಲನ್ನು ದಾಟಲೆಳಸುವವನ ಸಾಹಸಕ್ಕೆ ಹೋಲಿಸಿರುವುದು ಪಾಠಶಾಲೆಯ ಬಾಲಕರಿಗೂ ತಿಳಿದ ವಿಷಯ. ವ್ಯಾಖ್ಯಾನಕಾರನಾದ ಮಲ್ಲಿನಾಥನು ಮೊದಲು ಅಮರನನ್ನನುಸರಿಸಿ ತೆಪ್ಪವೆಂಬರ್ಥವನ್ನು ಹೇಳಿ, ಬಳಿಕ ಪಕ್ಷಾಂತರವಾಗಿ ಚರ್ಮದಿಂದ ಬಿಗಿದ ಯಾನಪಾತ್ರವೆಂದೂ ಅರ್ಥಮಾಡಿ, ಅದಕ್ಕೆ ಸಜ್ಜನನೆಂಬ ಕೋಶಕಾರನನ್ನು ಪ್ರಮಾಣವಾಗಿ ಕೊಡುತ್ತಾನೆ. ಓದಿಸುವವರು ಈ ಎರಡನೆಯ ಅರ್ಥವನ್ನು ಬೇಗನೆ ದಾಟಿಬಿಡುವುದು ರೂಢಿ. ತೆಪ್ಪವೆಂದರೆ ಹೋಲಿಕೆಯಲ್ಲಿ ಸಾಧನದ ಅಲ್ಪತ್ವವೊಂದೇ ಸಿದ್ಧಿಸುತ್ತದೆ. ತೊಗಲಿನ ದೋಣಿಯೆಂದರೆ, ನೇರವಾಗಿ ಹೋಗಲಾರದೆ ತಿರುಗುತ್ತಲೇ ಇರುವ, ಹೊಳೆಗಾಗಿಯೇ ಹುಟ್ಟಿದ ಪಾತ್ರೆಯೊಂದನ್ನು ಅಲೆಗಳಿಗೊಡ್ಡುವ ಮೌಢ್ಯವೂ ಸ್ಫುರಿಸುತ್ತದೆ. ಮಲ್ಲಿನಾಥನು ತೆಲುಗುನಾಡಿನವನು, ಈ ಬಗೆಯ ದೋಣಿಯು ದಕ್ಷಿಣಾಪಥದ ಹೊಳೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆತನು ಕಣ್ಣಾರೆ ಕಂಡುದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಬರೆದನೆಂದು ಊಹಿಸಿದರೆ ಅಸಂಗತವಾಗಲಾರದು. ಕಾಳಿದಾಸನ ಅಭಿಪ್ರಾಯವೂ ಅದೇ ಎಂದು ಇದರಿಂದ ಸಿದ್ಧವಾಗುವುದಿಲ್ಲವೆಂಬುದನ್ನೂ ಹೇಳಬೇಕು. ಅಮರನ ‘ಕೋಲ’ವನ್ನು ಹರಿಗೋಲಿನ ಉತ್ತರಪದದೊಡನೆ ಗಂಟುಹಾಕುವ ಆಸೆಯೂ ಹುಟ್ಟಬಹುದು. ಕೇವಲ ಧ್ವನಿಸಾಮ್ಯವನ್ನು ನಂಬಿ ಅಂತಹ ನೀರಿಗಿಳಿಯದಿರುವುದು ಲೇಸು.

ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷಪ್ರಕರಣವೆಂಬುದೊಂದುಂಟು. ಬೇಸಗೆಯಲ್ಲಿಯೂ ದಾಟಲು ನಾವೆ ಬೇಕಾಗುವ ಮಹಾನದಿಗಳಿಗೆ ದೊಡ್ಡ ನಾವೆಗಳನ್ನೂ, ಮಳೆಗಾಲದಲ್ಲಿ ಮಾತ್ರ ಹರಿಯುವ ಚಿಕ್ಕ ಹೊಳೆಗಳಿಗೆ ಚಿಕ್ಕ ನಾವೆಗಳನ್ನೂ ಅಲ್ಲಿ ವಿಧಿಸಿದೆ. ಕುಮುದ್ವತಿಯು ಈ ಎರಡನೆಯ ವರ್ಗಕ್ಕೆ ಸೇರಿದ ಹೊಳೆಯೆಂಬುದರಲ್ಲಿ ಸಂದೇಹವಿಲ್ಲ. ಹೊರೆಹೊತ್ತ ಮನುಷ್ಯನಿಗೆ ಒಂದು ಮಾಷಕ ಸುಂಕ. ಬಾಲವೃದ್ಧರೂ ರೋಗಿಗಳೂ ಗರ್ಭಿಣಿಯರೂ ಅಧ್ಯಕ್ಷನ ಮುದ್ರೆಯಿಂದ ದಾಟಬಹುದು. ಆಳುಗಳೂ ಉಪಕರಣಗಳೂ ಸಾಲದೆ, ಅಥವಾ ದುರಸ್ತಿಯಿಲ್ಲದೆ ನಾವೆಯು ಕೆಟ್ಟರೆ ನಷ್ಟವನ್ನು ಅಧ್ಯಕ್ಷನೇ ತುಂಬಿಕೊಡಬೇಕು. ದೊಡ್ಡ ನಾವೆಗೆ ಶಾಸಕ, ನಿಯಾಮಕ, ಕುಡುಗೋಲು ಹಿಡಿಯುವವನು, ಹಗ್ಗ ಹಿಡಿಯುವವನು, ನೀರು ಮೊಗೆದುಹಾಕುವವನು ಎಂದು ಬೇರೆಬೇರೆ ಆಳುಗಳನ್ನು ಹೇಳಿದೆ.

ಹರಿಗೋಲಿನಲ್ಲಿ ಒಡೆಯನೂ ಚುಕ್ಕಾಣಿಯವನೂ ನೀರು ಮೊಗೆಯುವವನೂ ಒಬ್ಬನೇ ಅಂಬಿಗ. ಅವನ ಕೈಯಲ್ಲಿರುವುದು ಒಂದು ಹುಟ್ಟು. ನೀರು ತೆಳುವಾದೆಡೆ ಒಂದು ಬಿದಿರುಗಳು. ಚುಕ್ಕಾಣಿಯಿಲ್ಲ, ಮುಂದು ಹಿಂದು ಎಂಬ ಭೇದವಿಲ್ಲ. ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಮೊಣಕಾಲೂರಿ, ಮುಂದೆ ಚಾಚಿದ ಹುಟ್ಟಿನಿಂದ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುವನು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೆಳೆತವನ್ನು ಬದಲಿಸದಿದ್ದರೆ ದೋಣಿಯು ಬುಗುರಿಯಂತೆ ಸುತ್ತುವುದು. ಹೊಳೆಯನ್ನು ಅಡ್ಡವಾಗಿ ಕತ್ತರಿಸಿ ಹೋಗುವ ಹಟವನ್ನು ಅಂಬಿಗನು ಮಾಡುವುದಿಲ್ಲ. ದಡದಲ್ಲಿಯೇ ಮೇಲ್ಗಡೆಗೆ ಸಾಗಿ, ಅಲ್ಲಿಂದ ಹೊಳೆಗೆ ಬಿಟ್ಟು, ಪ್ರವಾಹವು ಕೆಳಕ್ಕೆ ಒಯ್ಯುತ್ತಿರುವಂತೆಯೇ ಓರೆಯಾಗಿ ಆಚೆಯ ದಡವನ್ನು ಸೇರುವನು. ಎಷ್ಟು ಮೇಲಕ್ಕೆ ಹೋಗಬೇಕೆಂಬುದನ್ನು ಆ ದಿನದ ನೀರಿನ ವೇಗವೇ ತಿಳಿಸಬೇಕು. ಮಡುವಿನ ಮೌನ, ಸುಳಿಯ ಸುಕ್ಕು, ಮುಳುಗಿದ ಬಂಡೆಯ ಮೇಲಣ ನೀರಿನ ಉಬ್ಬು, ಇವೇ ಅವನ ಅಕ್ಷರಮಾಲೆ. ಭಾರವನ್ನು ಹಂಚುವುದೂ ವಿದ್ಯೆಯೇ: ಒಬ್ಬನು ಎದ್ದುನಿಂತರೆ ಸಾಕು, ಎಲ್ಲರಿಗೂ ಅಪಾಯ. ಕೆಲಸ ಮುಗಿದ ಮೇಲೆ ದೋಣಿಯನ್ನು ತಲೆಯ ಮೇಲೆ ಕವುಚಿಕೊಂಡು ನಡೆಯುವನು; ತೊಗಲು ಕೊಳೆಯದಂತೆ ದಡದಲ್ಲಿ ಬೋರಲುಹಾಕಿ ಒಣಗಿಸುವನು.

ಈ ಯಾನದ ಸುಖವೇ ಬೇರೆ. ಕುಳಿತವನ ಮೊಣಕೈಗೆ ನೀರು ನಿಲುಕುತ್ತದೆ. ತಳದ ದಬ್ಬೆಗಳ ಮೂಲಕ ಹೊಳೆಯ ಚಲನೆಯು ಅಂಗಾಲಿಗೆ ತಿಳಿಯುತ್ತದೆ. ಹೊಗೇನಕಲ್ಲಿನಂತಹ ಕಡೆಗಳಲ್ಲಿ ನೋಡಬಂದವರ ವಿನೋದಕ್ಕಾಗಿ ದೋಣಿಯನ್ನು ಗಿರಗಿರನೆ ಸುತ್ತಿಸುವುದುಂಟು. ಸುತ್ತದಂತೆ ನಡೆಸುವುದೇ ವಿದ್ಯೆಯಾಗಿರುವಾಗ ಇದನ್ನು ಕೌಶಲವೆಂದು ಮೆಚ್ಚುವುದು ವಿಚಿತ್ರವೇ ಸರಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸನಾದ ಪಾಯೆಸನು ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂತಹ ತೊಗಲುದೋಣಿಗಳನ್ನು ಕಂಡು, ಅವು ತಿರುಗುತ್ತ ಸಾಗುವುದನ್ನೂ, ಹದಿನೈದು ಇಪ್ಪತ್ತು ಮಂದಿಯನ್ನು ಹೊರುವುದನ್ನೂ ಬರೆದಿಟ್ಟಿದ್ದಾನೆ. ಯವನದೇಶದ ಹೆರೊಡೋಟಸನು ಬಾಬಿಲೋನಿಗೆ ಹೊಳೆಯಿಳಿದು ಬರುತ್ತಿದ್ದ ದುಂಡುದೋಣಿಗಳನ್ನು ವರ್ಣಿಸಿರುವನು. ಆ ವರ್ತಕರು ಸರಕನ್ನೂ ಚೌಕಟ್ಟನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಹಿಂದಿರುಗುತ್ತಿದ್ದರು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯೂ ತನ್ನ ಸೈನ್ಯಕ್ಕೆ ಬುಟ್ಟಿದೋಣಿಗಳನ್ನೇ ಕಟ್ಟಿಸಿದನು.

ಕನ್ನಡದ ಸಾಕ್ಷ್ಯಗಳಲ್ಲಿ ಒಂದನ್ನು ವಿಶೇಷವಾಗಿ ವಿಚಾರಿಸಬೇಕು. ಪುರಂದರದಾಸರ ಪ್ರಸಿದ್ಧವಾದ ಅಂಬಿಗನ ಕೀರ್ತನೆಯಲ್ಲಿ ದೇಹಕ್ಕೆ ಹೋಲಿಕೆಯಾದುದು ಹಲಗೆಯ ದೋಣಿಯಲ್ಲ, ನವರಂಧ್ರಗಳುಳ್ಳ ಹರಿಗೋಲು. ಒಳಗೆ ಎಲುಬಿನ ಗೂಡು, ಹೊರಗೆ ತೊಗಲು. ದೇಹದ ರಚನೆಯೂ ಹರಿಗೋಲಿನ ರಚನೆಯೂ ಒಂದೇ. ಈ ಔಚಿತ್ಯವು ದೋಣಿಯನ್ನು ಬಲ್ಲವರಿಗೆ ಮಾತ್ರ ಹೊಳೆಯತಕ್ಕದ್ದು.

ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಜಲಾಶಯವಾಯಿತು. ಬರಬರುತ್ತ ಕುಮುದ್ವತಿಯ ಪಾತ್ರವು ಮಳೆಗಾಲದಲ್ಲಿಯೂ ಒಣಗಿರುವುದು ಸಾಮಾನ್ಯವಾಯಿತು. ಕೌಟಿಲ್ಯನು ಹೇಳಿದ ಚಿಕ್ಕ ಹೊಳೆಯ ಲಕ್ಷಣವೇ ಅದಕ್ಕೆ ಉಳಿದಿಲ್ಲ. ಆನೆಗೊಂದಿಯಲ್ಲಿ ಹರಿಗೋಲಿಗೆ ಬದಲಾಗಿ ಕಟ್ಟುತ್ತಿದ್ದ ಸೇತುವೆಯು 2009ರಲ್ಲಿ ಕುಸಿದು ಕೆಲಸಗಾರರು ಮೃತರಾದರು. ಉಳಿದ ಕಡವುಗಳಲ್ಲಿ ತೊಗಲು ಹೋಗಿ, ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಯು ಬಂದಿದೆ. ಬಿದಿರಿನ ಹೆಣಿಗೆಯೂ ಹುಟ್ಟಿನ ಸೆಳೆತವೂ ಹಿಂದಿನಂತೆಯೇ ಇವೆ.