ಆಜ್ಞಾಸಾಲಿನ ಅಡ್ಡಗೆರೆ

ಮನ್ಮನೆಯ ನಮ್ಮ ಮನೆಯ ಅಟ್ಟದಲ್ಲಿ ದೊಡ್ಡಪ್ಪನವರು ಕಾಪಾಡಿಕೊಂಡು ಬಂದಿದ್ದ ಯಕ್ಷಗಾನ ಪ್ರಸಂಗಗಳ ಅಚ್ಚುಪುಸ್ತಕಗಳನ್ನು ಮಳೆಗಾಲದ ತೇವವೂ ಗೆದ್ದಲೂ ಮುಗಿಸುವ ಮೊದಲೇ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರಗಳನ್ನು ಓದಿಕೊಡುವ ಟೆಸೆರಾಕ್ಟ್ ತಂತ್ರಾಂಶಕ್ಕೆ ಒಪ್ಪಿಸಬೇಕೆಂದು ನಾನೊಂದು ಪುಟ್ಟ ಸ್ಕ್ರಿಪ್ಟನ್ನು ಬರೆದೆನು. ಭಾಷೆ ಕನ್ನಡವೆಂದು ತಿಳಿಸಲು ‘ಎಲ್’ ಎಂಬ ಆಯ್ಕೆಯ ಮುಂದೆ ‘ಕೆಎಎನ್’ ಎಂಬ ಸಂಕೇತವನ್ನಿಟ್ಟು ನಡೆಸಿದೊಡನೆ, ಆ ಹೆಸರಿನ ಕಡತವೇ ಇಲ್ಲವೆಂದು ಹೇಳಿ ಅದು ನಿಂತುಬಿಟ್ಟಿತು. ಭಾಷೆಯ ಹೆಸರನ್ನು ಕಡತದ ಹೆಸರೆಂದು ಬಗೆದ ಈ ಭ್ರಾಂತಿಯ ಮೂಲವನ್ನರಸಿ ಹೊರಟವನಿಗೆ ಅರ್ಧ ಶತಮಾನದ ಒಂದು ವಿಚಾರಪರಂಪರೆಯೇ ಎದುರಾಯಿತು.

ಯಂತ್ರಕ್ಕೆ ನಾವು ಟೈಪಿಸಿ ಕೊಡುವ ಆಜ್ಞಾಸಾಲು ಅದರ ಪಾಲಿಗೆ ಬರಿಯ ಪದಸರಣಿ. ಅದರಲ್ಲಿ ಯಾವುದು ಕೆಲಸಕ್ಕೆ ಒಳಗಾಗುವ ವಸ್ತು, ಯಾವುದು ಕೆಲಸದ ರೀತಿಯನ್ನು ಹೇಳುವ ವಿಶೇಷಣವೆಂಬುದನ್ನು ಯಾರಾದರೂ ಬಿಡಿಸಿ ಹೇಳಬೇಕು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಅಡ್ಡಗೆರೆಯನ್ನು ಹೊತ್ತ ಒಂದಕ್ಷರವೇ ವಿಶೇಷಣದ ಲಕ್ಷಣವಾಗಿ ನೆಲೆನಿಂತಿತು. ಆದರೆ ಪ್ರತಿಯೊಂದು ಪ್ರೋಗ್ರಾಮೂ ತನ್ನ ಸಾಲನ್ನು ತಾನೇ ಒಡೆದುಕೊಳ್ಳುತ್ತಿದ್ದುದರಿಂದ ಕಡತಗಳನ್ನು ಒಟ್ಟುಕಟ್ಟುವ ಟಾರ್‌ಗೆ ಅಡ್ಡಗೆರೆಯೇ ಬೇಡವಾಯಿತು, ನಕಲುಮಾಡುವ ಡಿಡಿಗೆ ಸಮಚಿಹ್ನೆ ಬೇಕಾಯಿತು. 1980ರ ಯುನಿಕ್ಸ್ ಆವೃತ್ತಿಯಾದ ಸಿಸ್ಟಮ್ 3ರಲ್ಲಿ ಕಾಣಿಸಿಕೊಂಡ ಗೆಟ್‌ಆಪ್ಟ್ ಎಂಬ ಕಾರ್ಯವು ಈ ಸ್ವೇಚ್ಛೆಗೆ ಒಂದು ವ್ಯಾಕರಣವನ್ನು ವಿಧಿಸಿತು: ಒಪ್ಪುವ ಅಕ್ಷರಗಳನ್ನೆಲ್ಲ ಒಂದೇ ಸಾಲಿನಲ್ಲಿ ಬರೆದು, ಬೆಲೆಯನ್ನು ಬಯಸುವ ಅಕ್ಷರದ ಮುಂದೆ ಮಾತ್ರ ವಿವರಣಚಿಹ್ನೆಯ ಎರಡು ಚುಕ್ಕಿಗಳನ್ನಿಡಬೇಕು. 1985ರಲ್ಲಿ ಬೆಲ್ ಪ್ರಯೋಗಾಲಯದ ಒಡೆಯ ಸಂಸ್ಥೆಯಾದ ಎಟಿ ಆಂಡ್ ಟಿ ಅದರ ಮೂಲವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದು ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯುದಾರ ಘಟನೆ.

ನನ್ನ ಸ್ಕ್ರಿಪ್ಟಿನಲ್ಲಿ ನಾನು ಮರೆತದ್ದು ಆ ಎರಡು ಚುಕ್ಕಿಗಳನ್ನೇ. ಅವಿಲ್ಲದುದರಿಂದ ‘ಎಲ್’ ಬೆಲೆಯಿಲ್ಲದ ಆಯ್ಕೆಯೆನಿಸಿತು. ಅದರ ಮುಂದಿದ್ದ ‘ಕೆಎಎನ್’ ಅಡ್ಡಗೆರೆಯಿಲ್ಲದ ಪದವಾದುದರಿಂದ ವಿಶ್ಲೇಷಣೆ ಅಲ್ಲಿಗೇ ಮುಗಿಯಿತು. ಅನಂತರದ ಆಯ್ಕೆಗಳೆಲ್ಲ ಸದ್ದಿಲ್ಲದೆ ವಸ್ತುಗಳ ಸಾಲಿಗೆ ಸೇರಿಹೋದುವು. ತಪ್ಪು ನಡೆದದ್ದು ಒಂದೆಡೆ, ದೂರು ಕೇಳಿಬಂದದ್ದು ಇನ್ನೊಂದೆಡೆ.

ಆಜ್ಞಾಸಾಲನ್ನು ಓದಿ ನಡೆಸುವ ಶೆಲ್‌ಗೆಂದು ಬರೆದ, ನನ್ನದರಂಥ ಸ್ಕ್ರಿಪ್ಟುಗಳಿಗೆ ಇನ್ನೊಂದು ಸಂಕಟವಿತ್ತು. ಆ ಕಾರ್ಯದ ಹೆಸರನ್ನೇ ಹೊತ್ತ ಹಳೆಯ ಗೆಟ್‌ಆಪ್ಟ್ ಆಜ್ಞೆ ಪದಗಳನ್ನು ಬಿಡಿಸಿ ಮತ್ತೆ ಜೋಡಿಸುವಾಗ ಹೆಸರಿನೊಳಗಿನ ತೆರಪನ್ನು ಉಳಿಸಿಕೊಳ್ಳಲಾರದು. ಅದರ ಕೈಯಲ್ಲಿ ‘ಭೀಷ್ಮ ವಿಜಯ’ವೆಂಬ ಒಂದು ಪ್ರಸಂಗ ಭೀಷ್ಮನೂ ವಿಜಯವೂ ಎಂಬ ಎರಡು ಕಡತಗಳಾಗಿ ಸೀಳಿಹೋಗುತ್ತದೆ. 1986ರಲ್ಲಿ ಬೋರ್ನ್ ಶೆಲ್‌ನ ಒಳಗೇ ಸೇರಿಕೊಂಡ ಗೆಟ್‌ಆಪ್ಟ್ಸ್ ಈ ದೋಷವನ್ನು ನೀಗಿತು. ಆದರೂ ಸ್ಕ್ರಿಪ್ಟಿನಲ್ಲಿ ಬೆಲೆಯನ್ನು ಬಳಸುವೆಡೆಯಲ್ಲೆಲ್ಲ ಉದ್ಧರಣಚಿಹ್ನೆ ಹಾಕುವ ಹೊಣೆ ಬರೆಯುವವನ ಮೇಲೆಯೇ ಉಳಿದಿದೆ.

ಆಯ್ಕೆಗಳ ರೂಪವೂ ಬದಲಾಗುತ್ತ ಬಂತು. ಸ್ವತಂತ್ರ ತಂತ್ರಾಂಶದ ಗ್ನು ಯೋಜನೆಯವರು ಎರಡು ಅಡ್ಡಗೆರೆಗಳ ಪೂರ್ಣಪದದ ಆಯ್ಕೆಗಳನ್ನು ರೂಢಿಗೆ ತಂದರು. ಪೈಥಾನ್ ಭಾಷೆಗೆ 2010ರ ಸುಮಾರಿಗೆ ಬಂದ ಆರ್ಗ್‌ಪಾರ್ಸ್ ಸಹಾಯಪಾಠವನ್ನೂ ತಾನೇ ರಚಿಸಿಕೊಡುತ್ತದೆ. ಟೆಸೆರಾಕ್ಟ್‌ನಲ್ಲಿಯೂ ಪುಟದ ವಿನ್ಯಾಸವನ್ನು ಸೂಚಿಸುವ ‘ಪಿಎಸ್‌ಎಂ’ ಮೊದಲು ಒಂದು ಗೆರೆಯದಾಗಿದ್ದು, ಮುಂದೆ ಎರಡು ಗೆರೆಯದಾಯಿತು. ಹಳೆಯ ಸ್ಕ್ರಿಪ್ಟುಗಳನ್ನು ಇಟ್ಟುಕೊಂಡವರು ಮೊದಲು ನೋಡಬೇಕಾದದ್ದು ಇಂಥ ಕಡೆಯನ್ನೇ.

ಚುಕ್ಕಿಗಳನ್ನಿಟ್ಟ ಮೇಲೂ ನನ್ನ ಸ್ಕ್ರಿಪ್ಟು ಒಂದು ಸಂಜೆ ಮತ್ತೆ ಹಟಹಿಡಿಯಿತು. ಟಿಪ್ಪಣಿಯಿಂದ ಆಜ್ಞೆಯನ್ನು ನಕಲುಮಾಡಿ ಅಂಟಿಸಿದ್ದೆನು. ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಒಡಿ ಎಂಬ ಆಜ್ಞೆಯಿಂದ ಆ ಸಾಲಿನ ಬೈಟುಗಳನ್ನು ಬಿಡಿಬಿಡಿಯಾಗಿ ತೆರೆದು ನೋಡಿದಾಗ, ಒಂದೇ ಬೈಟಿರಬೇಕಾದ ಹೈಫನ್ನಿನ ಸ್ಥಾನದಲ್ಲಿ ಮೂರು ಬೈಟುಗಳಿದ್ದುವು: ಟಿಪ್ಪಣಿ ಬರೆದ ತಂತ್ರಾಂಶ ಅದನ್ನು ಅಂದವಾದ ಉದ್ದಗೆರೆಯಾಗಿ ಮಾರ್ಪಡಿಸಿತ್ತು, ಗೆಟ್‌ಆಪ್ಟ್ಸ್ ಆ ಉದ್ದಗೆರೆಯನ್ನು ಗುರುತಿಸದೆ ಇಡೀ ಪದವನ್ನು ಕಡತವೆಂದೇ ತಿಳಿದಿತ್ತು. ಅದನ್ನಳಿಸಿ ಕೀಲಿಮಣೆಯಿಂದಲೇ ಹೈಫನ್ ಒತ್ತಿದ ಮೇಲೆ ‘ಭೀಷ್ಮ ವಿಜಯ’ದ ಮೊದಲ ಪುಟ, ಅಲ್ಲಲ್ಲಿ ಒತ್ತಕ್ಷರಗಳನ್ನು ತಪ್ಪಿದರೂ, ಓದಲು ಬರುವ ಕನ್ನಡವಾಗಿ ತೆರೆಯ ಮೇಲೆ ಮೂಡಿತು.