ಹಬ್ಬದ ಮರುವಾರದ ಮಗು: ಸಂಡೇ ಸ್ಕೂಲಿನ ಜನವರಿ ಮತ್ತು ಏಪ್ರಿಲ್

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ ಕೊನೆಯ ಪ್ರಸಂಗವನ್ನು ಬಾಲಯೇಸುವಿನ ಜ್ಞಾನಕ್ಕೆ ಸಾಕ್ಷಿಯಾಗಿ ಓದುವುದು ರೂಢಿ. ಅಲ್ಲಿ ನಡೆಯುವುದೆಲ್ಲ ಹಬ್ಬ ಮುಗಿದ ಮೇಲೆ ಎಂಬ ಕಡೆಗೆ ಗಮನ ಹೋಗುವುದು ಕಡಿಮೆ. ಪಸ್ಕಹಬ್ಬಕ್ಕೆಂದು ಯೆರೂಸಲೇಮಿಗೆ ಬಂದಿದ್ದ ತಂದೆತಾಯಿ ಊರ ದಾರಿ ಹಿಡಿದಿದ್ದಾರೆ. ಹನ್ನೆರಡು ವರ್ಷದ ಹುಡುಗ ಜೊತೆಯವರ ಗುಂಪಿನಲ್ಲಿ ಎಲ್ಲೋ ಇರಬೇಕು ಎಂದುಕೊಂಡು ಒಂದು ದಿನದ ಹಾದಿ ನಡೆದೂಬಿಟ್ಟಿದ್ದಾರೆ. ಹುಡುಗನೋ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಕೇಳುತ್ತ, ಪ್ರಶ್ನೆ ಹಾಕುತ್ತ ಇದ್ದಾನೆ. ಹಬ್ಬದ ಗದ್ದಲ ಇಳಿದಾಗಲೇ ಅವನ ಪ್ರಶ್ನೆಗಳಿಗೆ ಪುರುಸೊತ್ತು ಸಿಕ್ಕಿತು ಎಂದು ಓದಿಕೊಳ್ಳಲು ಅಡ್ಡಿಯೇನಿಲ್ಲ. ಮಕ್ಕಳು ಗುಂಪಿನಲ್ಲಿ ಇದ್ದೇ ಇರುತ್ತಾರೆ ಎಂಬ ಹಿರಿಯರ ಭರವಸೆಯೂ ಅಲ್ಲಿ ಹುಸಿಯಾಗಿದೆ.

ಕರ್ನಾಟಕದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಡಿಸೆಂಬರಿನಲ್ಲಿ ತುಂಬಿ ತುಳುಕುವ ಸಂಡೇ ಸ್ಕೂಲ್ ಜನವರಿಯಲ್ಲಿ ತೆಳುವಾಗುವುದು ಟೀಚರುಗಳಿಗೆ ಹೊಸ ಸಂಗತಿಯಲ್ಲ. ಮನೆಯವರಿಗೆ ಭಕ್ತಿ ಸಾಲದು, ಅವರು ಹಬ್ಬಕ್ಕೆ ಮಾತ್ರ ಬರುವವರು ಎಂಬುದು ಇದಕ್ಕೆ ಸಿದ್ಧ ಉತ್ತರ. ಈ ಉತ್ತರ ನನಗೆ ಒಪ್ಪಿಗೆಯಾಗಿಲ್ಲ. ಡಿಸೆಂಬರಿನಲ್ಲಿ ಮಗುವನ್ನು ಎಳೆದು ತರುವುದು ಹಬ್ಬಕ್ಕಿಂತ ಹೆಚ್ಚಾಗಿ ಕ್ರಿಸ್‌ಮಸ್ ನಾಟಕದ ಪ್ರಾಕ್ಟೀಸು ಎಂಬುದು ಈ ಲೇಖನದ ವಾದ.

ಪ್ರಾಕ್ಟೀಸನ್ನೊಮ್ಮೆ ಹತ್ತಿರದಿಂದ ನೋಡಬೇಕು. ಕುರುಬನ ಪಾತ್ರದ ಹುಡುಗನಿಗೆ ಅಜ್ಜನ ಕಂಬಳಿ, ತಲೆಗೊಂದು ಟವೆಲ್ಲು, ಕೈಗೊಂದು ಕೋಲು. ಹೇಳಬೇಕಾದ್ದು ಒಂದೇ ಮಾತು. ಆ ಒಂದು ಮಾತಿಗಾಗಿ ಟೀಚರ್ ಅವನನ್ನು ಹೆಸರು ಹಿಡಿದು ಮತ್ತೆ ಮತ್ತೆ ಕರೆಯುತ್ತಾರೆ, ಗಂಟಲು ಎತ್ತರಿಸು ಎನ್ನುತ್ತಾರೆ. ಒಂದು ಸಂಜೆ ತಪ್ಪಿಸಿಕೊಂಡರೆ ಮನೆಗೆ ಫೋನು ಹೋಗುತ್ತದೆ: “ಯಾಕಪ್ಪಾ ಬರಲಿಲ್ಲ? ನೀನಿಲ್ದೆ ಸೀನೇ ನಿಂತ್ಹೋಗಿದೆ.” ಕ್ರಿಸ್‌ಮಸ್ ಮುಗಿದ ಮರುದಿನ ಕಂಬಳಿ ಮನೆಗೆ ಹೋಗುತ್ತದೆ, ಫೋನೂ ನಿಲ್ಲುತ್ತದೆ. ಅದೇ ಹುಡುಗ ಜನವರಿಯಲ್ಲಿ ಮೂರು ಭಾನುವಾರ ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಮೂರು ಮನೆ ಖಾಲಿ ಬೀಳುತ್ತವೆ, ಅಷ್ಟೆ. ಅವನಿಲ್ಲದೆ ಯಾವ ಸೀನೂ ನಿಲ್ಲುವುದಿಲ್ಲ ಎಂಬುದು ಅವನಿಗೂ ಗೊತ್ತು.

ಆದಿಸಭೆಯ ಕ್ರಮ ಇದಕ್ಕೆ ತಿರುವುಮುರುವಾಗಿತ್ತು. ನಾಲ್ಕನೆಯ ಶತಮಾನದಲ್ಲಿ ಈಸ್ಟರ್ ರಾತ್ರಿ ದೀಕ್ಷಾಸ್ನಾನ ಹೊಂದಿದವರಿಗೆ ತಾವು ಪಡೆದದ್ದು ಏನು ಎಂಬ ವಿವರಣೆ ದೊರೆಯುತ್ತಿದ್ದದ್ದು ಹಬ್ಬದ ನಂತರದ ವಾರದಲ್ಲಿ. ಸುಮಾರು 381ರಿಂದ 384ರವರೆಗೆ ಯೆರೂಸಲೇಮಿನಲ್ಲಿದ್ದ ಯಾತ್ರಿಕೆ ಎಗೇರಿಯಾ ಆ ಎಂಟು ದಿನಗಳ ಬೋಧನೆಯನ್ನು ದಾಖಲಿಸಿದ್ದಾಳೆ. ಬಾಗಿಲು ಹಾಕಿಕೊಂಡು ಬಿಷಪರು ಒಂದೊಂದಾಗಿ ಬಿಡಿಸಿ ಹೇಳುವಾಗ ಒಳಗಿನವರ ಉದ್ಗಾರ ಹೊರಗೂ ಕೇಳಿಸುತ್ತಿತ್ತಂತೆ. ಅಲ್ಲಿನ ಬಿಷಪ್ ಸಿರಿಲ್‌ನ ಹೆಸರಿನಲ್ಲಿ ಉಳಿದಿರುವ ಐದು ಉಪದೇಶಗಳು ಈ ವಾರದವು. ಅವು ಸಿರಿಲ್‌ನವೋ ಅವನ ನಂತರ ಬಂದ ಯೋಹಾನನವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಮಿಲಾನಿನ ಆಂಬ್ರೋಸನಂತೂ ಅನುಭವಕ್ಕೆ ಮೊದಲೇ ವಿವರಿಸುವುದು ತಕ್ಕದ್ದಲ್ಲ ಎಂದೇ ವಾದಿಸಿದ. ಅವರೆದುರು ಕೂತವರಲ್ಲಿ ವಯಸ್ಕರೇ ಹೆಚ್ಚಾಗಿದ್ದರು, ಹಾಗಾಗಿ ಆ ಪದ್ಧತಿಯನ್ನು ಇದ್ದಂತೆಯೇ ಸಂಡೇ ಸ್ಕೂಲಿಗೆ ಇಳಿಸಲಾಗದು. ಶ್ರಮದ ಹಂಚಿಕೆಯಲ್ಲಿ ಮಾತ್ರ ಹೋಲಿಕೆ ಸಲ್ಲುತ್ತದೆ. ಬೋಧನೆಯ ಸಾರವನ್ನು ಅವರು ಹಬ್ಬದ ಆಚೆಗೆ ಕಾದಿರಿಸಿದರು. ನಾವು ಇರುವ ಶಕ್ತಿಯನ್ನೆಲ್ಲ ಹಬ್ಬದ ಈಚೆಗೇ ಖರ್ಚು ಮಾಡಿ ಜನವರಿಗೆ ಸುಸ್ತಾಗಿ ಕೂರುತ್ತೇವೆ. ಕುರುಬನ ಪಾತ್ರ ಮಾಡಿದ ಹುಡುಗನಿಗೆ, ದೇವದೂತರು ಅರಮನೆಗೆ ಹೋಗದೆ ಕುರುಬರ ಬಳಿಗೇ ಯಾಕೆ ಬಂದರು ಎಂದು ಕೇಳಲು ನಾಟಕ ಮುಗಿದ ಭಾನುವಾರಕ್ಕಿಂತ ಒಳ್ಳೆಯ ದಿನ ಯಾವುದಿದೆ? ಕಂಬಳಿ ಹೊದ್ದ ಬಿಸಿ ಇನ್ನೂ ಆರಿರುವುದಿಲ್ಲ.

ಹಬ್ಬದ ನಂತರದ ಸೇವೆ ಸೋಲುವುದಕ್ಕೆ ಇನ್ನೊಂದು ಕಾರಣ ಶಾಲೆಯ ಕ್ಯಾಲೆಂಡರ್. ಮಕ್ಕಳ ಸೇವೆಯ ಎರಡು ದೊಡ್ಡ ವ್ಯವಸ್ಥೆಗಳು ಹುಟ್ಟಿದ್ದೇ ಮಕ್ಕಳ ಬಿಡುವನ್ನು ನೋಡಿಕೊಂಡು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲಿಗೆ ಭಾನುವಾರವನ್ನು ಆರಿಸಿಕೊಂಡದ್ದು ಉಳಿದ ದಿನಗಳಲ್ಲಿ ಅಲ್ಲಿನ ಬಡಮಕ್ಕಳು ದುಡಿಮೆಯಲ್ಲಿರುತ್ತಿದ್ದರು ಎಂಬ ಕಾರಣಕ್ಕೆ. 1901ರಲ್ಲಿ ನ್ಯೂಯಾರ್ಕ್‌ನಲ್ಲಿ ರಾಬರ್ಟ್ ಬೋವಿಲ್ ರಜಾಕಾಲದ ಸತ್ಯವೇದ ಶಾಲೆ ನಡೆಸಿದ್ದು ಬೇಸಿಗೆಯಲ್ಲಿ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ. ನಮ್ಮಲ್ಲಿ ವಿ.ಬಿ.ಎಸ್. ಎಂದೇ ಮನೆಮಾತಾಗಿರುವ ಶಿಬಿರದ ಮೂಲ ಅಲ್ಲಿದೆ.

ಕರ್ನಾಟಕದಲ್ಲಿ ಕ್ರಿಸ್‌ಮಸ್ಸಿನ ಬೆನ್ನಿಗೆ ಬರುವುದು ಪರೀಕ್ಷೆಯ ಕಾಲ. ಜನವರಿಯಿಂದ ಮಾರ್ಚಿನವರೆಗೆ ದೊಡ್ಡ ತರಗತಿಯ ಮಕ್ಕಳಿಗೆ ಭಾನುವಾರವೂ ಟ್ಯೂಷನ್ ತಪ್ಪದು. ಈಸ್ಟರ್ ಕಥೆ ಬೇರೆ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂತು, ಪಂಚಾಶತ್ತಮ ದಿನ ಜೂನ್ 8ಕ್ಕೆ. ಸಭೆಯ ಪಂಚಾಂಗದ ಐವತ್ತು ದಿನಗಳಲ್ಲಿ ಬಹುಪಾಲು ಬೇಸಿಗೆ ರಜೆಯೊಳಗೇ ಬಿದ್ದವು. ಇಷ್ಟು ಅನುಕೂಲವಿದ್ದೂ ವಿ.ಬಿ.ಎಸ್.ಗೆ ಬೇರೆ ವಿಷಯ, ಬೇರೆ ಹಾಡು, ಬೇರೆ ಪುಸ್ತಕ ಹಿಡಿದು ಈಸ್ಟರನ್ನು ಅಲ್ಲಿಗೇ ಬಿಟ್ಟುಬಿಡುವುದುಂಟು. ಎಮ್ಮಾವು ದಾರಿಯ ಇಬ್ಬರು, ತೋಮನ ಸಂಶಯ, ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲಿದ್ದ ಮೀನು: ಹಬ್ಬದ ನಂತರದ ಕಥೆಗಳು ಸತ್ಯವೇದದಲ್ಲೇ ಸಾಲಾಗಿ ಕಾದಿವೆ. ಮಕ್ಕಳಿಗೆ ಇವು ಹಿಡಿಸುತ್ತವೆ, ತೋಮನದಂತೂ.

ಫಾಲೋಅಪ್ ಎಂಬ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಒಂದು ಪದ್ಧತಿಗೆ ನನ್ನ ವಿರೋಧವಿದೆ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ನೆರೆಹೊರೆಯ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳೂ ಗೆಳೆಯರ ಜೊತೆ ಬರುತ್ತಾರೆ. ಅಂಥ ಮಗುವಿನ ಕೈಗೇ ಚೀಟಿ ಕೊಟ್ಟು ವಿಳಾಸ, ಫೋನ್ ನಂಬರು ಬರೆಸಿಕೊಳ್ಳುವುದು ಸರಿಯಲ್ಲ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಅಪ್ರಾಪ್ತರನ್ನು ಧಾರ್ಮಿಕ ಬೋಧನೆಗೆ ಹಾಜರಾಗಿಸಲು ಪೋಷಕರ ಒಪ್ಪಿಗೆ ಬೇಕೆಂದು ಸಂವಿಧಾನದ 28(3)ನೆಯ ವಿಧಿ ಹೇಳುತ್ತದೆ. ಸಂಡೇ ಸ್ಕೂಲಿಗೆ ಅದು ನೇರವಾಗಿ ಅನ್ವಯಿಸದಿದ್ದರೂ ಅದರ ಹಿಂದಿನ ಮರ್ಯಾದೆ ಸಭೆಗೂ ಸಲ್ಲಬೇಕು. ಮಾತು ಆಡುವುದಿದ್ದರೆ ತಂದೆತಾಯಿಯ ಜೊತೆ, ಅವರ ಮನೆಯ ಜಗಲಿಯಲ್ಲಿ. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಮಗುವಿನ ಗೆಳೆತನ ಮುಗಿಯಬೇಕಾಗಿಲ್ಲ.

ಸಭೆಯ ಮನೆಗಳ ಮಕ್ಕಳ ಮಟ್ಟಿಗೆ ಸಾಧ್ಯವಿರುವುದು ಸಣ್ಣ ಬದಲಾವಣೆ. ನಾಟಕದ ಪ್ರಾಕ್ಟೀಸಿಗೆ ಮೀಸಲಾಗಿದ್ದ ವೇಳೆಯನ್ನು ಜನವರಿಯಲ್ಲಿ ರದ್ದು ಮಾಡದೆ ಅರ್ಧ ಗಂಟೆಗೆ ಇಳಿಸಿ ಉಳಿಸಿಕೊಳ್ಳಬಹುದು. ಪ್ರತಿ ಮಗುವಿಗೂ ಅದು ಬರದಿದ್ದರೆ ನಿಂತುಹೋಗುವಂಥ ಒಂದು ಕೆಲಸ ಇರಬೇಕು: ಆರಾಧನೆಯಲ್ಲಿ ಸತ್ಯವೇದ ಪಾಠ ಓದುವುದು, ಕಾಣಿಕೆ ಚೀಲ ಹಿಡಿಯುವುದು, ಚಿಕ್ಕವರಿಗೆ ಕಂಠಪಾಠ ಹೇಳಿಕೊಡುವುದು. ಟೀಚರಿನ ಫೋನು ಮೂರನೆಯ ಗೈರುಹಾಜರಿಗೆ ಕಾಯದೆ ಮೊದಲನೆಯದಕ್ಕೇ ಹೋಗಬೇಕು. ಸಭಾ ಕಮಿಟಿಗಳು ಕ್ರಿಸ್‌ಮಸ್ ಬಜೆಟ್ಟಿನಲ್ಲಿ ಲೈಟು, ಪೆಂಡಾಲಿಗೆ ಇಡುವ ಹಣದ ಒಂದು ಪಾಲನ್ನು ಜನವರಿಗೆ ಎತ್ತಿಟ್ಟರೆ ಟೀಚರುಗಳ ಬಸ್‌ಚಾರ್ಜಿಗಾದರೂ ಆದೀತು.

ಈಸ್ಟರಿನ ದಿನಗಳು ಬೇಸಿಗೆ ರಜೆಯೊಳಗೆ ಬೀಳುವ ಲೆಕ್ಕ ಪ್ರತಿವರ್ಷ ಒಪ್ಪುವುದಿಲ್ಲ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬರುತ್ತದೆ, ಶಾಲೆಗಳಿಗೆ ರಜೆ ಸಿಗುವ ಮೊದಲೇ. ಹಬ್ಬಕ್ಕೂ ವಿ.ಬಿ.ಎಸ್.ಗೂ ನಡುವೆ ಆ ವರ್ಷ ಉಳಿಯುವ ಭಾನುವಾರಗಳಲ್ಲಿ ಯಾವ ಟೀಚರ್ ಯಾವ ಮನೆಗೆ ಹೋಗಬೇಕು ಎಂಬುದನ್ನು ಲೆಂಟಿನ ಮೊದಲ ವಾರದಲ್ಲೇ ಕೂತು ಬರೆದಿಡಬೇಕಾಗುತ್ತದೆ.